ಬಾಗದ ಸೊಂಟ, ಬಾಗಿದ ಮೊಹರು

ಇಸೊಬೆ ತಮೋತ್ಸು ಅವರಿಗೆ ವಯಸ್ಸಾಯಿತಂತೆ, ಕಣ್ಣು ಮಂಜಾಯಿತಂತೆ, ಅದಕ್ಕೇ ಅವರನ್ನು ಗೊಂಬೆ ಸ್ಪರ್ಧೆಯ ತೀರ್ಪುಗಾರರ ಪಟ್ಟಿಯಿಂದ ಗೌರವಪೂರ್ವಕವಾಗಿ ಬಿಡುಗಡೆ ಮಾಡಲಾಯಿತಂತೆ. ಗೊಂಬೆ ಸಂಗ್ರಾಹಕರ ಸಂಘದ ಸುತ್ತೋಲೆಯಲ್ಲಿ ಹಾಗೆ ಅಚ್ಚಾಗಿದೆ. ಶುದ್ಧ ಸುಳ್ಳು! ಅವತ್ತು ಆ ತೀರ್ಪಿನ ಕೋಣೆಯಲ್ಲಿ ಇದ್ದವರು ಮೂರೇ ಜನ, ಅವರಲ್ಲಿ ನಾನೊಬ್ಬ. ನಕಾನೊದಲ್ಲಿರುವ ನನ್ನ ಗೊಂಬೆ ಅಂಗಡಿಗೆ ಬಂದು ಯಾರಾದರೂ ಆ ಸುತ್ತೋಲೆಯ ಮಾತೆತ್ತಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಇಸೊಬೆಯವರು ಗೊಂಬೆಯನ್ನು ನೋಡುತ್ತಿದ್ದುದೇ ಕೈಯಿಂದ, ಕಣ್ಣಿನ ಮಾತೆಲ್ಲಿ ಬಂತು? ಹದಿನಾರನೇ ವಯಸ್ಸಿಗೆ ಕತ್ಸುಶಿಕದ ಸಣ್ಣದೊಂದು ಗೊಂಬೆ ಕಾರ್ಖಾನೆ ಸೇರಿ, ಅದು ಬಾಗಿಲು ಹಾಕುವವರೆಗೆ ಮೂವತ್ತೆಂಟು ವರ್ಷ, ಗೇಣುದ್ದದ ವೀರರ ಮಂಡಿ, ಮೊಣಕೈ, ಸೊಂಟಗಳ ಕೀಲುಗಳನ್ನು ಅರದಿಂದ ಉಜ್ಜಿದವರು. ಬೆರಳ ತುದಿಯ ಗೆರೆಗಳೆಲ್ಲ ಸವೆದುಹೋಗಿ, ಅವರ ಫೋನು ಅವರನ್ನೇ ಗುರುತಿಸುತ್ತಿರಲಿಲ್ಲ. ಗೊಂಬೆಯನ್ನು ಕಿವಿಯ ಹತ್ತಿರ ಹಿಡಿದು ತೋಳು ತಿರುಗಿಸುತ್ತಿದ್ದರು. ಕೀಲು ಗರಗರ ಅಂದರೆ ಅಲ್ಲಿಗೆ ಮುಗಿಯಿತು, ಹಿಂದಿನ ವರ್ಷ ಬಹುಮಾನ ಹೊಡೆದ ಕಂಪನಿಯದಾದರೂ ಪಕ್ಕಕ್ಕೆ.

ಸೊಂಟವನ್ನು ಮಾತ್ರ ಕೊನೆಗೆ ಉಳಿಸಿಕೊಳ್ಳುತ್ತಿದ್ದರು. ಗೊಂಬೆಯನ್ನು ಮೇಜಿನ ಮೇಲೆ ನಿಲ್ಲಿಸಿ, ಬೆನ್ನಿಗೆ ಎರಡು ಬೆರಳಿಟ್ಟು ಬಾಗಿಸಿ ನಮಸ್ಕಾರ ಮಾಡಿಸುವುದು. ಅದು ಚೆನ್ನಾಗಿ ಬಾಗಿದರೆ ಕುರ್ಚಿಯಿಂದ ಎದ್ದು ತಾವೂ ಅಷ್ಟೇ ಬಾಗಿ ಅದಕ್ಕೆ ನಮಸ್ಕರಿಸುತ್ತಿದ್ದರು. ಅವರ ಹೆಂಡತಿ ಬದುಕಿದ್ದಾಗ ನನ್ನೆದುರೇ ಮೂದಲಿಸಿದ್ದುಂಟು: "ನನ್ಮುಂದೆ ಯಾವತ್ತಾದ್ರೂ ಇಷ್ಟು ಬಗ್ಗಿದೀರಾ?"

ಆಕೆ ಹೋದ ಮೇಲೆ ಅವರಿಗೆ ಉಳಿದದ್ದು ವರ್ಷಕ್ಕೊಮ್ಮೆ, ಮಾರ್ಚಿನಲ್ಲಿ ಬರುವ ಆ ತೀರ್ಪಿನ ದಿನ ಒಂದೇ. ಅದಕ್ಕೆಂದು ಕ್ಷೌರ ಮಾಡಿಸಿಕೊಂಡು, ಮುಚ್ಚಿಹೋದ ಕಾರ್ಖಾನೆಯ ನೀಲಿ ಜಾಕೀಟು ತೊಟ್ಟು, ಉಪ್ಪುಕಾಯಿ ಇಟ್ಟ ಅನ್ನದ ಉಂಡೆ ಕಟ್ಟಿಕೊಂಡು ಬರುತ್ತಿದ್ದರು. ಗೆದ್ದ ಗೊಂಬೆಯ ಪೆಟ್ಟಿಗೆಯ ಮೇಲೆ ಸಂಘದವರು ಒಂದು ಬಂಗಾರದ ಚೀಟಿ ಅಂಟಿಸುತ್ತಾರೆ: 'ಕೈಯಾರೆ ನೋಡಿದ್ದೇವೆ'. ಆ ಕೈ ಇಸೊಬೆಯವರದೆಂದು ಊರಿಗೆಲ್ಲ ಗೊತ್ತು. ಕೊಳ್ಳುವವರು ಪೆಟ್ಟಿಗೆ ಬಿಚ್ಚುವುದಿಲ್ಲ. ಬಿಚ್ಚಿದರೆ ಬೆಲೆ ಅರ್ಧಕ್ಕೆ ಇಳಿಯುತ್ತದೆ. ಹಾಗೇ ಗಾಜಿನ ಬೀರುವಿನಲ್ಲಿಟ್ಟು, ಒಳಗೆ ಎಲ್ಲ ಸರಿಯಾಗಿದೆ ಎಂದು ಆ ಚೀಟಿಯನ್ನು ನಂಬುತ್ತಾರೆ.

ಕಳೆದ ಮಾರ್ಚಿನಲ್ಲಿ ತೀರ್ಪಿಗೆ ಬಂದ ಗೊಂಬೆ ಶಿರಾಗಿಕು. ಟೀವಿ ಧಾರಾವಾಹಿಯ ಖಡ್ಗಧಾರಿಣಿ, ಕತ್ತಿ ಎಳೆಯುವ ಮುನ್ನ ಎದುರಾಳಿಗೆ ಸೊಂಟ ಬಾಗಿಸಿ ನಮಸ್ಕರಿಸುವವಳು. ಜನ ಅವಳನ್ನು ಮೆಚ್ಚಿದ್ದೇ ಆ ನಮಸ್ಕಾರಕ್ಕೆ. ಪೆಟ್ಟಿಗೆಯ ಮೇಲಿನ ಚಿತ್ರದಲ್ಲೂ ಬಾಗಿಯೇ ನಿಂತಿದ್ದಳು. ಅವಳನ್ನು ತಯಾರಿಸಿದ ಕಂಪನಿಯೇ ಈ ಸಲ ಸ್ಪರ್ಧೆಯ ಖರ್ಚು ಹೊತ್ತಿತ್ತು. ಅದರ ಮಾರಾಟ ವಿಭಾಗದ ಹಿಗುಚಿ ಬೆಳಗಿನಿಂದ ನಮ್ಮ ಬೆನ್ನಿಗೇ ನಿಂತಿದ್ದ.

ತೀರ್ಪಿನ ಹಾಳೆಯಲ್ಲಿ ಮೂರು ಮನೆ, ಸಹಿಯ ಬದಲು ಒಬ್ಬೊಬ್ಬ ತೀರ್ಪುಗಾರರ ಹೆಸರಿನ ಮೊಹರಿಗೆ ಒಂದೊಂದು. ಎಡಗಡೆಯದರಲ್ಲಿ ಸಂಘದ ಅಧ್ಯಕ್ಷರ ಮೊಹರು ಗೊಂಬೆ ಬರುವ ಮೊದಲೇ ಬಿದ್ದಿತ್ತು! ಮುಖದ ಬಣ್ಣ, ಕೂದಲು, ಕವಚದ ಕೆತ್ತನೆ ನನ್ನ ಪಾಲು. ಅವು ನಿಜಕ್ಕೂ ಸೊಗಸಾಗಿದ್ದವು. ಹಿಗುಚಿ ತರಿಸಿದ ದುಬಾರಿ ಹಾವುಮೀನಿನ ಊಟ ಆರುತ್ತಿತ್ತು. ನಾನು ನಡುವಿನ ಮನೆಯಲ್ಲಿ ನನ್ನ ಮೊಹರು ಒತ್ತಿ ಊಟಕ್ಕೆ ಕೂತೆ.

ಇಸೊಬೆಯವರು ಅವಳ ತೋಳು ತಿರುಗಿಸಿದರು. ಮಂಡಿ ಮಡಿಸಿದರು. ತಲೆದೂಗಿದರು. ಆಮೇಲೆ ಮೇಜಿನ ಮೇಲೆ ನಿಲ್ಲಿಸಿ ಬೆನ್ನಿಗೆ ಬೆರಳಿಟ್ಟರು. ಅವಳು ಬಾಗಲಿಲ್ಲ. ಬಣ್ಣ ಕಚ್ಚಿಕೊಂಡಿರಬೇಕೆಂದು ಬಿಸಿನೀರು ತರಿಸಿ ಸೊಂಟದವರೆಗೆ ಅದ್ದಿದರು. ಆಗಲೂ ಇಲ್ಲ. ಕೊನೆಗೆ ಹೊಟ್ಟೆಯ ಸುತ್ತಲಿನ ಸಂದಿಗೆ ಉಗುರು ಹಾಕಿ ಒಂದು ಸುತ್ತು ಎಳೆದರು. ಅವರ ಮುಖ ಕೆಂಪಾಯಿತು.

"ಹಿಗುಚಿ ಸಾನ್, ಇವಳ ಸೊಂಟ ಎಲ್ಲಿ?"

"ಅಲ್ಲೇ ಇದೆಯಲ್ಲಾ ಮೇಷ್ಟ್ರೇ. ಗೆರೆ ಕಾಣ್ತಿಲ್ವಾ?"

"ಗೆರೆ ಕಾಣತ್ತೆ. ಕೀಲು ಎಲ್ಲಿ ಅಂತ ಕೇಳ್ದೆ."

ಹಿಗುಚಿ ಹಲ್ಲುಕಿರಿದ. "ಕೀಲು ಇಟ್ರೆ ಕವಚದ ಅಂದ ಕೆಡ್ತಿತ್ತು. ವಿನ್ಯಾಸ ಮಾಡ್ದೋರೇ ಬೇಡ ಅಂದ್ರು."

"ಬೇಡ ಅಂದ್ರೆ ಬಿಡಿ. ಇಲ್ಲದೇ ಇರೋ ಕೀಲಿಗೆ ಗೆರೆ ಯಾಕೆ ಕೊರೆದ್ರಿ? ಪೆಟ್ಟಿಗೆ ಮೇಲೆ ಬಗ್ಗಿ ನಿಂತಿರೋಳು ಯಾರು, ಇವಳ ಅಕ್ಕನಾ?"

"ಅದು ಮೊದಲನೇ ಮಾದರಿ ಮೇಷ್ಟ್ರೇ, ಫೋಟೋಗೆ ಅಂತ ಮಾಡಿದ್ದು. ಅಲ್ಲ, ಯಾರ್ರೀ ಪೆಟ್ಟಿಗೆ ಬಿಚ್ತಾರೆ? ಬಿಚ್ಚದೇ ಇರೋರಿಗೆ ಕೀಲಿದ್ರೇನು, ಬಿಟ್ರೇನು?"

ಇಸೊಬೆಯವರು ದನಿ ಏರಿಸಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. "ಅದಕ್ಕೇ ಕಣಯ್ಯಾ ನನ್ನನ್ನ ಇಲ್ಲಿ ಕೂರ್ಸಿರೋದು! ಅವರು ಬಿಚ್ಚಲ್ಲ ಅಂತಲೇ ನಾನು ಬಿಚ್ಚಿ ನೋಡೋದು!"

ನಾಚಿಕೆಗೆಟ್ಟ ಜನ! ಕೀಲು ಮಾಡಲು ಬಾರದಿದ್ದರೆ ಕ್ಷಮಿಸಬಹುದು. ಕೀಲಿನ ವೇಷ ಹಾಕಿದ ಗೆರೆಯನ್ನು ಕೊರೆದವನೂ ಒಬ್ಬ ಕೆಲಸಗಾರನೇ ತಾನೇ, ಅವನ ಕೈಯಲ್ಲಿ ಅದನ್ನು ಮಾಡಿಸಿದರಲ್ಲ ಎಂದು ಇವತ್ತಿಗೂ ನನ್ನ ಹೊಟ್ಟೆ ಉರಿಯುತ್ತದೆ.

ಹಿಗುಚಿ ಕೆಂಪು ಶಾಯಿಯ ಡಬ್ಬಿಯನ್ನು ಮೆಲ್ಲಗೆ ಅವರ ಮುಂದಕ್ಕೆ ತಳ್ಳಿದ. "ಮುಂದಿನ ವರ್ಷದ ಪಟ್ಟಿ ಇನ್ನೂ ಆಗಿಲ್ಲ ಮೇಷ್ಟ್ರೇ. ನಿಮ್ಮ ಹೆಸರೇ ಮೊದಲು ಬರಲಿ ಅಂತ ನಮ್ಮಾಸೆ. ಒತ್ತಿಬಿಡಿ. ಹಾಂ, ಸ್ವಲ್ಪ ಎಡಕ್ಕೆ ವಾಲಿಸಿ ಒತ್ತಿ, ಅಧ್ಯಕ್ಷರು ಇಂಥದ್ದನ್ನೆಲ್ಲ ಗಮನಿಸ್ತಾರೆ."

ನಮ್ಮ ಕಚೇರಿಗಳಲ್ಲಿ ದುಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದೊಡ್ಡವರ ಮೊಹರು ಎಡಗಡೆ ನೆಟ್ಟಗೆ ನಿಲ್ಲುತ್ತದೆ. ಕೆಳಗಿನವರದು ಅದರ ಕಡೆ ತುಸು ಬಾಗಿರಬೇಕು, ನಮಸ್ಕಾರ ಮಾಡಿದ ಹಾಗೆ.

"ಅಂದ್ರೆ, ಬಗ್ಗಬೇಕಾದೋಳು ಬಗ್ಗಲ್ಲ, ಅವಳ ಬದಲಿಗೆ ನನ್ನ ಹೆಸರು ಬಗ್ಗಬೇಕು. ಅಷ್ಟೇ ತಾನೇ?" ಇಸೊಬೆಯವರು ತಮ್ಮ ಮೊಹರನ್ನು ಬಟ್ಟೆಯ ಚೀಲಕ್ಕೆ ಹಾಕಿ ಜಾಕೀಟಿನ ಜೇಬಿಗೆ ಇಳಿಸಿದರು. ಇನ್ನೊಂದು ಮಾರ್ಚ್ ತಮಗಿಲ್ಲ ಎಂದು ಅವರಿಗೆ ಆ ಗಳಿಗೆಯಲ್ಲೇ ಗೊತ್ತಿತ್ತು. ಗೊಂಬೆಯ ಸೊಂಟದ ನೀರನ್ನು ಒರೆಸಿ, ಪೆಟ್ಟಿಗೆಯಲ್ಲಿ ಮಲಗಿಸಿ, ಬಿಚ್ಚದ ಬುತ್ತಿಯನ್ನು ಎತ್ತಿಕೊಂಡರು.

ನಾನು ಏನಾದರೂ ಹೇಳಬೇಕಿತ್ತು. "ಇವರು ಮಾಡಿದ್ದು ಮೋಸ, ಇಸೊಬೆ ಸಾನ್" ಎಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಬಾಯಲ್ಲಿ ಹಿಗುಚಿ ಕೊಟ್ಟ ಹಾವುಮೀನಿತ್ತು.

ಬಾಗಿಲಿಗೆ ಹೋಗುವ ಮುನ್ನ ಅವರ ದೃಷ್ಟಿ ಹಾಳೆಯ ಮೇಲೆ ಬಿತ್ತು. ನಡುವಿನ ಮನೆಯಲ್ಲಿ ನನ್ನ ಹೆಸರು, ಸಕುಮಾ, ಅಧ್ಯಕ್ಷರ ಮೊಹರಿನ ಕಡೆಗೆ ಅಚ್ಚುಕಟ್ಟಾಗಿ ವಾಲಿತ್ತು. ಅಂಗಡಿ ಇಡುವ ಮೊದಲು ಹದಿನಾಲ್ಕು ವರ್ಷ ಬ್ಯಾಂಕಿನಲ್ಲಿದ್ದವನು ನಾನು, ಯಾರೂ ಹೇಳದೆಯೇ ಕೈ ಹಾಗೆ ಒತ್ತಿತ್ತು. ಅವರು ಗೆರೆ ಸವೆದ ಹೆಬ್ಬೆರಳನ್ನು ಅದರ ಮೇಲಿಟ್ಟು, ಗೊಂಬೆಗಳ ಮೇಲೆ ಆಡಿಸುವಂತೆಯೇ ಒಮ್ಮೆ ಆಡಿಸಿದರು. ದನಿಯಲ್ಲಿ ಸಿಟ್ಟಿರಲಿಲ್ಲ. ಇಷ್ಟು ವರ್ಷ ನನ್ನ ಪಕ್ಕದಲ್ಲಿ ಕೂತು ತೀರ್ಪು ಹೇಳುತ್ತಿದ್ದ ಅದೇ ದನಿ.

"ನಿನ್ನ ಸೊಂಟದ ಕೀಲು ಚೆನ್ನಾಗಿದೆ, ಸಕುಮಾ," ಎಂದರು.