ಫಹಾಹೀಲಿನಲ್ಲಿ ಕೇಳಿದ ಕೊನೆಯ ದಂಡಯಾತ್ರೆ

೨೦೦೪ರಲ್ಲಿ ನಾನು ಕುವೈತಿನ ಫಹಾಹೀಲಿನಲ್ಲಿ ಹೋಮ್ ನರ್ಸ್ ಆಗಿದ್ದೆ. ರೋಗಿಯ ಮನೆಗೇ ಹೋಗಿ ಆರೈಕೆ ಮಾಡುವ ಕೆಲಸ. ನಿವೃತ್ತ ಇತಿಹಾಸ ಮೇಷ್ಟ್ರು ಅಬು ಯೂಸುಫ್ ನನ್ನ ಪಾಲಿಗೆ ಬಂದರು. ಅವರಿಗೆ ಹಾರ್ಟ್ ಫೇಲ್ಯೂರ್, ಅಂದರೆ ರಕ್ತ ಪಂಪ್ ಮಾಡುವ ಶಕ್ತಿ ಕುಂದಿ ಶ್ವಾಸಕೋಶದಲ್ಲಿ ನೀರು ನಿಲ್ಲುವ ಕಾಯಿಲೆ. ಮಂಗಳೂರಿನವಳಾದ ನನ್ನ ಮುರುಕು ಅರಬ್ಬಿ, ಅವರ ಮುರುಕು ಇಂಗ್ಲಿಷ್, ಎರಡೂ ಸೇರಿ ಮಾತು ಹೇಗೋ ಸಾಗುತ್ತಿತ್ತು.

ಅವರ ಒಬ್ಬನೇ ಮಗ ಯೂಸುಫ್‌ನನ್ನು ೧೯೯೦ರ ಆಕ್ರಮಣದಲ್ಲಿ ಇರಾಕಿ ಸೈನಿಕರು ಹಿಡಿದೊಯ್ದಿದ್ದರು. ಮತ್ತೆ ಸುದ್ದಿಯಿಲ್ಲ. ಮೇಷ್ಟ್ರು ಕಾಯುತ್ತಲೇ ಇದ್ದರು.

ನಾನು ಬಿ.ಪಿ. ನೋಡುವಾಗಲೆಲ್ಲ ಅವರು ತುರ್ಕಿಯ ಸುಲ್ತಾನ್ ಸುಲೇಮಾನನ ಕಥೆ ತೆಗೆಯುತ್ತಿದ್ದರು. ಬೆಲ್‌ಗ್ರೇಡ್, ರೋಡ್ಸ್ ಗೆದ್ದದ್ದು, ಮೊಹಾಚ್ ಬಯಲಲ್ಲಿ ಹಂಗೇರಿಯ ರಾಜನನ್ನು ಸೋಲಿಸಿದ್ದು, ವಿಯೆನ್ನಾದಿಂದ ಬರಿಗೈಲಿ ಮರಳಿದ್ದು. ಶಾಲೆಯಲ್ಲಿ ಇತಿಹಾಸದ ಪಾಠಕ್ಕೆ ತೂಕಡಿಸುತ್ತಿದ್ದ ನಾನು ಇಲ್ಲಿ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಕೊನೆಯ ದಂಡಯಾತ್ರೆ ಮಾತ್ರ ಹೇಳುತ್ತಿರಲಿಲ್ಲ. “ಅದು ಯೂಸುಫ್ ಬಂದ ಮೇಲೆ, ಸಿಸ್ಟರ್. ಅವನಿಗೂ ಅದೊಂದು ಕಥೆ ಹೇಳೋದು ಬಾಕಿ ಇದೆ,” ಎನ್ನುತ್ತಿದ್ದರು.

ಆ ಚಳಿಗಾಲದಲ್ಲಿ, ಇರಾಕಿನ ಸಾಮೂಹಿಕ ಗೋರಿಯೊಂದರಲ್ಲಿ ಸಿಕ್ಕ ಮೂಳೆಗಳು ಯೂಸುಫ್‌ನವೆಂದು ಡಿ.ಎನ್.ಎ. ಪರೀಕ್ಷೆಯಿಂದ ಗೊತ್ತಾಯಿತು. ಮೇಷ್ಟ್ರ ಮಗಳು ಮರಿಯಂ ನನ್ನನ್ನು ಅಡುಗೆಮನೆಗೆ ಕರೆದರು. “ಇವತ್ತು ಸಂಜೆ ದಫನ್. ಬಾಬಾಗೆ ಗೊತ್ತಾಗಬಾರದು. ಆ ಹೃದಯ ತಡೆಯಲ್ಲ ಅಂತ ಡಾಕ್ಟರೇ ಹೇಳಿದ್ದಾರೆ.”

“ಮದಾಮ್, ಇಷ್ಟು ವರ್ಷ ಕಾದಿದ್ದಾರೆ. ಮಗನಿಗೆ ಮಣ್ಣು ಹಾಕುವುದು ಬೇಡವಾ?”

“ಖಲಾಸ್, ಸಿಸ್ಟರ್. ಒಂದೇ ದಿನ ಇಬ್ಬರನ್ನೂ ಕಳಕೊಳ್ಳೋಕೆ ನನ್ನಿಂದ ಆಗಲ್ಲ.” ಅವರು ಅತ್ತರು.

ಮಧ್ಯಾಹ್ನ ಹೊರಗೆ ಒಂದರ ಹಿಂದೊಂದು ಕಾರು ಬಂದು ನಿಲ್ಲುತ್ತಿದ್ದವು. ನಾನು ಬಿ.ಪಿ. ಪಟ್ಟಿ ಸುತ್ತುತ್ತಿದ್ದಾಗ ಮೇಷ್ಟ್ರು ತಾವಾಗಿಯೇ ಶುರುಮಾಡಿದರು. “ಕೊನೆಯ ಸಲ ಹೊರಟಾಗ ಸುಲೇಮಾನ್ ಮುದುಕ, ರೋಗಿ. ಹಂಗೇರಿಯ ಕೋಟೆಯೊಂದನ್ನು ಮುತ್ತಿದ್ದಾಗ ಡೇರೆಯೊಳಗೇ ಸತ್ತ. ವಜೀರ ಸುದ್ದಿ ಮುಚ್ಚಿಟ್ಟ. ಸುಲ್ತಾನನ ಹೆಸರಲ್ಲೇ ಆಜ್ಞೆ ಹೊರಡಿಸಿದ. ಹೊರಗಿನ ಸೈನಿಕರು, ಅವನು ಬದುಕಿದ್ದಾನೆ ಅಂತಲೇ ಕಾದಾಡಿದರು.”

ನಾನು ಪಟ್ಟಿಯನ್ನು ತಿರುಗುಮುರುಗಾಗಿ ಸುತ್ತಿದ್ದೆ. “ನೀನು ಯಾವತ್ತೂ ಹೀಗೆ ತಪ್ಪಾಗಿ ಸುತ್ತಲ್ಲ, ಸಿಸ್ಟರ್,” ಎಂದರು. ಆಮೇಲೆ ಕಿಟಕಿಯ ಹೂಕುಂಡ ತೋರಿಸಿ, “ಸ್ವಲ್ಪ ಮಣ್ಣು ಕೊಡು,” ಎಂದರು.

ಡ್ರೆಸ್ಸಿಂಗ್‌ಗೆ ಬಳಸುವ ಸ್ಟೀಲ್ ಟ್ರೇಯಲ್ಲಿ ಮಣ್ಣು ತಂದಿಟ್ಟೆ. ಅವರು ಹಿಡಿ ತುಂಬಿಕೊಂಡು ನಿಧಾನವಾಗಿ ಅದರಲ್ಲೇ ಸುರಿದರು. ತುಟಿ ಅಲ್ಲಾಡುತ್ತಿತ್ತು. ಮೂರನೆಯ ಹಿಡಿಗೆ ಉಸಿರು ಸಿಕ್ಕಿಕೊಂಡಿತು. ಆಕ್ಸಿಜನ್ ಹಾಕಿ, ಬೆರಳು ಒರೆಸಿದೆ. “ಮರಿಯಂಗೆ ಹೇಳಬೇಡ. ನನ್ನನ್ನು ಉಳಿಸಿಕೊಂಡೆ ಅಂತ ಅವಳಿಗೊಂದು ಸಮಾಧಾನ ಇರಲಿ,” ಎಂದರು. ನಾನು ಬಾತ್‌ರೂಮಿನ ನಲ್ಲಿ ಬಿಟ್ಟುಕೊಂಡು ಅತ್ತೆ.

ಸಂಜೆ ಮರಿಯಂ ಮುಖ ತೊಳೆದುಕೊಂಡು ಒಳಬಂದರು. “ಯೂಸುಫ್ ಸುದ್ದಿ ಏನಾದರೂ ಬಂತಾ ಮಗಳೇ?” ಎಂದು ಮೇಷ್ಟ್ರು ಕೇಳಿದರು.

“ಇನ್ನೂ ಇಲ್ಲ, ಬಾಬಾ.”

“ಬರುತ್ತಾನೆ ಬಿಡು.”

ಕೆಲವೇ ವಾರಗಳಲ್ಲಿ ಅವರೂ ಹೋದರು. “ಬಾಬಾಗೆ ಕೊನೆಗೂ ಗೊತ್ತಾಗಲಿಲ್ಲ, ಅಲ್ವಾ ಸಿಸ್ಟರ್?” ಎಂದು ಮರಿಯಂ ಕೇಳಿದಾಗ ಇಲ್ಲವೆಂದು ತಲೆಯಾಡಿಸಿದೆ.

ಸಾವಿನ ಸುದ್ದಿಯನ್ನು ರೋಗಿಯಿಂದ ಮುಚ್ಚಿಡಲಾಗುವುದಿಲ್ಲ ಎಂದು ಈ ಕೆಲಸ ನನಗೆ ಕಲಿಸಿದ್ದು ಆ ಮನೆಯಲ್ಲಿ. ತಂದೆ ಮಗಳು ಒಬ್ಬರನ್ನೊಬ್ಬರು ಕಾಪಾಡುತ್ತಾ, ಒಂದೇ ಸಾವಿಗೆ ಬೇರೆ ಬೇರೆ ಕೋಣೆಗಳಲ್ಲಿ ಅತ್ತರು.