ಲಾಡ್ಲೇಸಾಬರ ಬೋರಿಬಂದರ

ವಾಡಿಯಲ್ಲಿ ಲಾಡ್ಲೇಸಾಬರು ಕಟ್ಟಿದ ಮನೆಗಳನ್ನು ಗುರುತಿಸುವುದು ಕಷ್ಟವಲ್ಲ. ಮುಂಬಾಗಿಲ ನೆತ್ತಿಯ ಮೇಲೆ ದುಂಡನೆಯ ದೊಡ್ಡ ತೂತೊಂದು ಕಂಡರೆ ಅದು ಅವರದೇ ಕೈಕೆಲಸ. ಅದು ಗಡಿಯಾರಕ್ಕೆಂದು ಬಿಟ್ಟ ಜಾಗ. ಅಷ್ಟು ದೊಡ್ಡ ಗಡಿಯಾರ ತರುವ ತಾಕತ್ತು ನಮ್ಮ ಓಣಿಯಲ್ಲಿ ಯಾರಿಗಿತ್ತು? ಎಲ್ಲ ತೂತುಗಳಲ್ಲೂ ಗುಬ್ಬಿಗಳು ಸಂಸಾರ ಹೂಡಿದ್ದವು.

ಅವರು ಶಹಾಬಾದದ ಗೌಂಡಿ. ಹರೆಯದಲ್ಲಿ ಕಲ್ಲಿನ ವ್ಯಾಗನ್ನುಗಳ ಬೆನ್ನು ಹತ್ತಿ ಮುಂಬಯಿಗೆ ಹೋಗಿ, ಬೋರಿಬಂದರ ಸ್ಟೇಷನ್ನಿನ ದುರಸ್ತಿ ಕೆಲಸದಲ್ಲಿ ಕೆಲವು ವರ್ಷ ಇದ್ದು ಬಂದವರು. ಆಮೇಲೆ ಅವರ ಕಣ್ಣಿಗೆ ಬೇರೆ ಯಾವ ಕಟ್ಟಡವೂ ಹಿಡಿಸಲಿಲ್ಲ. ನಮ್ಮಪ್ಪ ಮನೆ ಕಟ್ಟಿಸಲು ಕರೆಸಿದರೆ, ಅಳತೆ ಹಿಡಿಯುವುದು ಬಿಟ್ಟು ಆ ಸ್ಟೇಷನ್ನಿನ ಪುರಾಣ ಬಿಚ್ಚಿದರು. ಗೇಟಿನ ಒಂದು ಕಂಬದ ಮೇಲೆ ಸಿಂಹ, ಇನ್ನೊಂದರ ಮೇಲೆ ಹುಲಿ. ಚೂಪು ಕಮಾನು, ಬಣ್ಣದ ಗಾಜು, ಗೋಡೆ ತುಂಬ ಕಲ್ಲಿನ ನವಿಲು, ಮಂಗ, ಎಲೆಬಳ್ಳಿ, ನೆತ್ತಿಯ ಮೇಲೆ ಆಳೆತ್ತರದ ಗಡಿಯಾರ.

“ಇಂಗ್ರೇಜರ ರಾಣಿ ಹೆಸರಲೆ ಕಟ್ಟ್ಯಾರ್ರಿ. ಆಕಿ ಒಂದಿನಾನೂ ಬಂದು ಗಾಡಿ ಹತ್ತಿಲ್ಲ. ನಾನರ ಹತ್ತೀನಿ,” ಎಂದರು. “ಗುಮ್ಮಟದ ತುದಿಗಿ ಒಬ್ಬಾಕಿ ಹೆಣ್ಣುಮಗಳು ದೀವಟಿಗಿ ಹಿಡಕೊಂಡು ನಿಂತಾಳ.”

“ಪಾಪ, ಅಷ್ಟು ಎತ್ತರದಾಗ ಬಿಸಿಲಿಗಿ ಯಾಕ ನಿಂದರ್ಸ್ಯಾರಪ್ಪ,” ಎಂದಳು ನಮ್ಮಜ್ಜಿ.

ಮನೆಯೇನೋ ಎದ್ದಿತು. ಮೊದಲ ಮಳೆಗೆ ಮಾಳಿಗೆಯ ನೀರು ಕಲ್ಲಿನ ಮುಸುಡಿಯೊಂದರ ಬಾಯಿಂದ ಅಂಗಳಕ್ಕೆ ಧುಮುಕಿತು. ಅಜ್ಜಿ ಗೌಂಡಿಗೆ ಹೇಳಿಕಳಿಸಿದಳು.

“ನಾಯಿ ವಾಂತಿ ಮಾಡಿಕೊಂಡಂಗ ಕಾಣಲಿಕತ್ತದಲ್ಲೋ.”

“ಅದು ಹುಲಿ ಅದರಿ ಅವ್ವಾ. ಬೋರಿಬಂದರದಾಗೂ ಹಿಂಗೇ ಅವ.”

ಹುಲಿ, ತೂತು ಇವೆಲ್ಲ ಚಿಲ್ಲರೆ ಚಪಲ. ಅವರ ಜೀವದ ಆಸೆ ಇದ್ದದ್ದು ಗುಮ್ಮಟದ ಮೇಲೆ. ಅಲ್ಲಿನ ದೊಡ್ಡ ಗುಮ್ಮಟ ಏಳುವಾಗ ಕೆಳಗೆ ಮರದ ಆಸರೆಯನ್ನೇ ಕೊಟ್ಟಿರಲಿಲ್ಲವೆಂದು ಮುದಿ ಗೌಂಡಿಯೊಬ್ಬರು ಅವರಿಗೆ ಹೇಳಿದ್ದರಂತೆ. “ಎಂಟು ಏಣು, ಪಕ್ಕೆಲುಬಿನಂಗ, ಒಂದಕ್ಕೊಂದು ಆತುಗೊಂಡು ಮ್ಯಾಲ ಹೋಗ್ಯಾವ್ರಿ. ಕೆಳಗ ಒಂದು ಬಡಿಗಿ ಸುದ್ದಾ ಇಲ್ಲ,” ಎಂದು ಎರಡೂ ಕೈಯ ಬೆರಳುಗಳನ್ನು ಕೂಡಿಸಿ ತೋರಿಸುತ್ತಿದ್ದರು. ಸಾಯುವುದರೊಳಗೆ ಹಾಗೊಂದನ್ನು ತಮ್ಮ ಕೈಯಿಂದ ಎಬ್ಬಿಸಬೇಕು, ಅಷ್ಟೆ.

ಎಬ್ಬಿಸಲು ಯಾರಾದರೂ ಮನೆ ಕೊಡಬೇಕಲ್ಲ. ಗುಮ್ಮಟದ ಮೇಲೆ ಮೆಣಸಿನಕಾಯಿ ಒಣಗಿಸುವುದು ಹೇಗೆಂದು ನಮ್ಮಜ್ಜಿ ಕೇಳಿದಳು. ಸುಲೇಪೇಟದ ಸಾವುಕಾರರಂತೂ ಮುಖದ ಮೇಲೆ ಹೇಳಿಬಿಟ್ಟರು: “ಕಟ್ಟಾಂವ ನೀನು, ಕೆಳಗ ಮಕ್ಕೊಳ್ಳಾಂವ ನಾನು.”

ಕೊನೆಗೆ ಲಾಡ್ಲೇಸಾಬರು ಶಹಾಬಾದದ ತಮ್ಮ ಮನೆಯ ಹಿತ್ತಲಲ್ಲೇ ಒಂದು ಜಳಕದ ಕೋಣೆ ಕಟ್ಟಿ, ಅದರ ಮೇಲೆ ಎಂಟು ಏಣಿನ ಗುಮ್ಮಟ ಎಬ್ಬಿಸಿದರು. ಒಂದು ಬಡಿಗೆಯ ಆಸರೆಯೂ ಇಲ್ಲ. ನೋಡಲು ಅಲ್ಲಿನ ಓಣಿಯೆಲ್ಲ ಬಂತು, ಹೊಸ್ತಿಲ ಈಚೆಗೇ ನಿಂತು ಹೊಗಳಿತು. ಅವರ ಹೆಂಡತಿ ಹುಸೇನ್‌ಬಿ ಬೇವಿನ ಗಿಡಕ್ಕೆ ಗೋಣಿತಟ್ಟು ಕಟ್ಟಿ ಮಕ್ಕಳಿಗೆಲ್ಲ ಅಲ್ಲೇ ನೀರು ಕಾಸಿಟ್ಟರು. “ನಂಗಿನ್ನಾ ಇಬ್ಬರು ಹುಡುಗರ ಲಗ್ನ ಮಾಡೋದದರಿ,” ಎನ್ನುವುದು ಅವರ ವಾದ.

ಮನೆಯ ಯಜಮಾನರೊಬ್ಬರೇ ದಿನಾ ಒಳಗೆ ಹೋಗಿ, ಹಾಡಿಕೊಂಡು ಮಿಂದು, ತಲೆ ಒರೆಸುತ್ತ ಹೊರಬಂದು ಸಾರುತ್ತಿದ್ದರು: “ಇವತ್ತೂ ಬಿದ್ದಿಲ್ಲ ನೋಡ್ರಿ.”

ನಾನು ಕೊನೆಯ ಸಲ ಕಂಡಾಗ ಅವರಿಗೆ ಕೆಮ್ಮು ಹತ್ತಿತ್ತು. ನಗುತ್ತಲೇ ಶುರು ಮಾಡಿದ ಮಾತು ಮಧ್ಯದಲ್ಲಿ ಮೆತ್ತಗಾಯಿತು. “ಊರ ಮಂದಿ ಹೋಗ್ಲಿ ಬಿಡ್ರಿ. ಮನ್ಯಾಗಿನವರು ಒಬ್ಬರರ ಒಳಗ ಬಂದು ಒಂದು ತಂಬಿಗಿ ನೀರು ಹಾಕ್ಕೊಂಡಿದ್ರ ಸಾಕಿತ್ತು. ನೀವರ ಬರ್ರಿ, ಮುಖ ತೊಳಕೊಳ್ರಿ.” ನನಗೆ ಒಮ್ಮೆಲೇ ವಾಡಿಯ ಬಸ್ಸಿನ ನೆನಪಾಯಿತು, ಹೊತ್ತಾಯಿತೆಂದು ಎದ್ದುಬಿಟ್ಟೆ.

ಅವರು ತೀರಿಕೊಂಡ ದಿನ ಬೆಳಗಿನಿಂದ ಮಳೆ ಹಿಡಿದಿತ್ತು. ಹಿತ್ತಲೆಲ್ಲ ಕರಿಮಣ್ಣಿನ ಕೆಸರು. ಬೇವಿನ ಗಿಡದ ಗೋಣಿತಟ್ಟು ಹರಿದು ಜೋಲುತ್ತಿತ್ತು. ಮೈಯತ್ತಿಗೆ ಕಡೆಯ ಜಳಕ ಮಾಡಿಸುವುದು ಎಲ್ಲಿ ಎಂದು ಹಿರಿಯರು ಮುಖ ಮುಖ ನೋಡಿಕೊಂಡರು. ಹುಸೇನ್‌ಬಿಯೇ ಒಳಗಿನಿಂದ ಹೇಳಿದರು: “ಅವರ ಗುಮ್ಮಟದಾಗೇ ಒಯ್ರಿ.”

ಇಬ್ಬರು ಗಂಡುಮಕ್ಕಳು, ಅಳಿಯ ಸೇರಿ ಅವರನ್ನು ಹೊತ್ತು ಆ ಕೋಣೆಯ ಹೊಸ್ತಿಲು ದಾಟಿದರು. ನಾನು ಪಡಸಾಲೆಯಲ್ಲಿ ನಿಂತಿದ್ದೆ. ಒಳಗೆ ನೀರು ಹಾಕುವ ಸದ್ದು ಬಹಳ ಹೊತ್ತು ಕೇಳಿತು. ಹೊರಗೆ ಮಳೆ ನಿಂತಿರಲಿಲ್ಲ.

ಹಿರಿಯ ಮಗ ಒದ್ದೆ ಕೈಯಲ್ಲೇ ಬಂದು ತಾಯಿಯ ಮುಂದೆ ನಿಂತ.

“ಒಂದು ಹನಿನೂ ಸೋರಿಲ್ಲ, ಅಮ್ಮೀ,” ಎಂದ.