ಬಾಯೋರ ಎಡಗೈ

ಬಾಯೋರ ಎಡಗೈ ಬೆರಳುಗಳು ಒಳಕ್ಕೆ ಮಡಚಿಕೊಂಡಿದ್ದವು. ಕುರ್ಚಿಯಲ್ಲಿ ಕೂತೊಡನೆ ಆ ಕೈಯನ್ನು ಬಲಗೈಯಿಂದ ಎತ್ತಿ, ಯಾರದ್ದೋ ಸಾಮಾನು ಇಟ್ಟಂತೆ ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದರು. ಲಕ್ವ ಹೊಡೆದ ಕೈ.

ಕಾರವಾರದ ಮೀನುಗಾರರ ಸೊಸೈಟಿಯಲ್ಲಿ ಕಂಪ್ಯೂಟರಿನಿಂದ ದೋಣಿಗಳ ಡೀಸೆಲ್ ಚೀಟಿ ತೆಗೆಯುವುದು ಅವರ ಕೆಲಸ. ಬೊಬ್ರುವಾಡದಿಂದ ಬಸ್ಸಿಗೆ ಬರುತ್ತಿದ್ದರು. ಗಂಡ ಇರಲಿಲ್ಲ. ಆ ಕುರ್ಚಿ ಹೋದರೆ ಬೇರೆ ಅನ್ನವೂ ಇರಲಿಲ್ಲ. ನಾನು ಅಲ್ಲಿ ಕಸ ಗುಡಿಸುವವಳು. ನನಗೆ ಅವರು ಬಾಯೋರು, ಅವರಿಗೆ ನಾನು ಮಾವಶಿ.

ಆ ಕಂಪ್ಯೂಟರಿನಲ್ಲಿ ಚಿತ್ರ ಗಿತ್ರ ಏನೂ ಇಲ್ಲ. ಕಪ್ಪು ಪರದೆ, ಬಿಳಿ ಅಕ್ಷರ, ಎಲ್ಲ ಕೆಲಸವೂ ಬಟನ್ನಿನಿಂದಲೇ. ಚೀಟಿ ಅಚ್ಚಾಗಬೇಕಾದರೆ ಎಡತುದಿಯ ಕಂಟ್ರೋಲ್ ಬಟನ್ ಒತ್ತಿ ಹಿಡಿದು ಬಲತುದಿಯ ಪಿ ಒತ್ತಬೇಕು. ಬಲಗಡೆಯೂ ಒಂದು ಕಂಟ್ರೋಲ್ ಇತ್ತು, ಉಪ್ಪುಗಾಳಿಗೆ ಕೆಟ್ಟುಹೋಗಿತ್ತು. ಒಂದು ಕೈಗೆ ಎರಡೂ ಎಟುಕುವುದಿಲ್ಲ.

"ಮಾವಶಿ, ಪೊರಕೆ ಇಡು. ಇಲ್ಲಿ ಕೂತ್ಕೊ. ನಾ ಹೇಳ್ದಾಗ ಇದನ್ನ ಒತ್ತು."

"ನಂಗೆ ಓದೂಕೆ ಬರೂದಿಲ್ಲ ಬಾಯೋರೆ."

"ಓದು ಅಂದ್ನಾ? ಒತ್ತು ಅಂದೆ."

ಹಾಗೆ ಅವರ ಎಡಗೈ ಕೆಲಸ ನನಗೆ ಬಂತು. ಕಾರ್ಯದರ್ಶಿ ನೋಡಿಯೂ ಸುಮ್ಮನಿದ್ದ. ಒಂದು ದಿನ ಚೀಟಿ ನಿಂತರೆ ಸಾಕು, ಬಾಯೋರನ್ನು ಕೆಲಸದಿಂದ ತೆಗೆಯಲು ಕಾಯುತ್ತಿದ್ದ.

ಮಳೆಗಾಲ ಮುಗಿದು ದೋಣಿ ಇಳಿಸುವ ದಿನ ಜನ ಬಾಗಿಲ ತನಕ ನಿಂತಿದ್ದರು. ಒಂದು ಚೀಟಿ ಆಯಿತು. ಗಡಿಬಿಡಿಯಲ್ಲಿ ಬಾಯೋರು ನನಗೆ ಬಿಡು ಅನ್ನಲಿಲ್ಲ. ದಡದಲ್ಲಿ ಎಲ್ಲರ ಜೊತೆ ನಿಂತು ರಂಪಣಿ ಬಲೆಯ ಹಗ್ಗ ಎಳೆದು ಬೆಳೆದವಳು ನಾನು. ಬಿಡು ಎನ್ನದೆ ಹಗ್ಗ ಬಿಟ್ಟರೆ ಬಲೆಯೇ ಹೋಗುತ್ತದೆ. ಕಂಟ್ರೋಲ್ ಒತ್ತಿಕೊಂಡೇ ಇದ್ದೆ. ಅವರು ಮುಂದಿನ ದೋಣಿಯ ಹೆಸರು ಹೊಡೆಯಲು ಎಸ್ ಒತ್ತಿದರು. ಪರದೆ ನಿಂತುಬಿಟ್ಟಿತು. ನಾನು ಕೈ ತೆಗೆದೆ. ಆದರೂ ಅಕ್ಷರ ಬೀಳಲಿಲ್ಲ.

ಕಾರ್ಯದರ್ಶಿ ಓಡಿ ಬಂದ. "ಸತ್ತೋತು ಮಷಿನ್ನು! ಇಬ್ರೂ ಸೇರಿ ಕೊಂದ್ರಿ!" ಬಟನ್‌ಗಳ ಮೇಲೆ ದಬದಬ ಕುಟ್ಟಿದ. ಏನೂ ಆಗದೆ ಸ್ವಿಚ್ಚಿಗೆ ಕೈ ಹಾಕಿದ.

"ಮುಟ್ಬೇಡಿ," ಅಂದರು ಬಾಯೋರು. "ಸತ್ತಿಲ್ಲ. ನೀವು ಕುಟ್ಟಿದ್ದೆಲ್ಲ ಒಳಗೆ ಹೋಗ್ತಾ ಅದೆ. ತೋರಿಸ್ತಾ ಇಲ್ಲ, ಅಷ್ಟೇ." ಆಮೇಲೆ ನನ್ನ ಕಡೆ ತಿರುಗಿ, "ಕಡೇಗೆ ಎಂತ ಒತ್ತಿದ್ವು ನಾವು? ಕಂಟ್ರೋಲು, ಎಸ್ಸು. ಅದೇ ನಿಲ್ಸಿದ್ದು. ಬಿಡಿಸೂಕೆ ಕಂಟ್ರೋಲು, ಕ್ಯೂ. ಮಾವಶಿ, ಒತ್ತು."

ಒತ್ತಿದೆ. ಅವರು ಕ್ಯೂ ಒತ್ತಿದರು.

"ಈಗ ಬಿಡು."

ನಿಂತಿದ್ದ ಅಕ್ಷರಗಳೆಲ್ಲ ಒಮ್ಮೆಲೇ ಬಿದ್ದವು. ಕಾರ್ಯದರ್ಶಿ ಕುಟ್ಟಿದ್ದೂ ಸಾಲಾಗಿ ಬಂತು. ಮುಂದೆ ನಿಂತಿದ್ದ ದೋಣಿಯವನೊಬ್ಬ, "ಸಾಹೇಬ್ರೆ, ಇದು ಯಾರ ದೋಣಿ ಹೆಸ್ರು?" ಅಂದ. ಜನ ನಕ್ಕರು. ಬಾಯೋರು ನಗಲಿಲ್ಲ. ಅದನ್ನು ಅಳಿಸಿ ಚೀಟಿ ತೆಗೆದರು. ಅವತ್ತು ದೋಣಿಗಳೆಲ್ಲ ಹೋದವು.

ಮುಂದಿನ ಚಳಿಗಾಲದಲ್ಲಿ ಒಂದು ರಾತ್ರಿ ಅವರಿಗೆ ಮತ್ತೆ ಲಕ್ವ ಹೊಡೆಯಿತು. ಬೆಳಗಾಗುವುದರೊಳಗೆ ಹೋದರು. ಸುದ್ದಿ ಬಂದಾಗ ನಾನು ಅರ್ಧ ಕೋಣೆ ಗುಡಿಸಿದ್ದೆ. ಅಳು ಬರಲಿಲ್ಲ. ಈಗಲೂ ಬರುವುದಿಲ್ಲ. ಉಳಿದರ್ಧವನ್ನೂ ಗುಡಿಸಿದೆ.

ಕಾರ್ಯದರ್ಶಿ ಬಂದು ಹೊಸಬರನ್ನು ನೋಡಬೇಕು ಅಂದ. ನೋಡಲಿ. ಬಾಯೋರನ್ನು ಆ ಕುರ್ಚಿಯಿಂದ ಅವನು ಎಬ್ಬಿಸಿದ್ದಲ್ಲ. ಹಿಂದಿನ ಸಂಜೆಯೂ ಅದರಲ್ಲೇ ಕೂತು ಕಡೆಯ ಚೀಟಿ ತೆಗೆದು, ಬಸ್ಸಿಗೆ ಹೊತ್ತಾಯಿತು ಅಂತ ತಾವೇ ಎದ್ದು ಹೋಗಿದ್ದರು.